ಮಾಘಸ್ನಾನ

ಅವ್ವಾ,

ನೀ ಹೋದ ಮ್ಯಾಲೆ ಇದನ್ನ ಯಾವ ಪತ್ತಾಕ್ಕ ಕಳಸಲಿ? ಆದ್ರೂ ಬರೀತೀನಿ.

ನಿನ್ನೆ ನಾಸಿಕಕ್ಕ ಲೇಡಿ ಡಾಕ್ಟರ್ ಹತ್ರ ಹೋಗಿದ್ದೆ. ಮುಟ್ಟು ನಿಲ್ಲೋ ವಯಸ್ಸು ನೋಡು, ರಾತ್ರಿ ಬೆವರಿಗೆ ಹಾಸಿಗಿನೇ ತೊಯ್ತದ. ಹಾರ್ಮೋನ್ ಗುಳಿಗಿ ಎಲ್ಲಾಕಿಂತ ಛಲೋ, ಅದು ಬ್ಯಾಡಂದ್ರ ಖಿನ್ನತೆಗೆ ಕೊಡೋ ಗುಳಿಗೀನೂ ಈ ಬೆವರು ಕಡಿಮಿ ಮಾಡತದ, ಅದನ್ನ ಸಣ್ಣ ಡೋಸಿನ್ಯಾಗ ಕೊಡ್ತೀನಿ ಅಂದ್ರು. ಆಮ್ಯಾಲೆ, “ನಿಮ್ಮ ತಾಯೀಗೂ ಹಿಂಗ ಆಗ್ತಿತ್ತಾ?” ಅಂತ ಕೇಳಿದ್ರು. ಇಲ್ಲ ಅಂದುಬಿಟ್ಟೆ.

ಓಝರ್‌ಗೆ, ನಮ್ಮ ಕಾಲನಿಗೆ ವಾಪಸ್ ಬರೋವಾಗ ಬಸ್ಸಿನ್ಯಾಗ ನೆನಪಾತು. ಇಲ್ಲಿಯ ಥಂಡ್ಯಾಗ ನೀ ಬರೇ ಫರಶಿ ನೆಲದ ಮ್ಯಾಲೆ ಮಲಗತಿದ್ದಿ. ನಸುಕಿನ್ಯಾಗ ತಣ್ಣೀರು ಹಾಕ್ಕೊಂಡು ಚಾದರ ಹಿಂಡತಿದ್ದಿ. ಮಾಘಸ್ನಾನದ ವ್ರತ ಅಂತ ಅಪ್ಪ ಅಂದ, ನಾವೂ ಅಂದ್ವಿ. ಕಾಲನಿ ಹೆಂಗಸರು ನಿನ್ನ ಕಾಲಿಗೆ ಬೀಳತಿದ್ರು, ನೀ ಸುಮ್ಮನ ಕುಂಕುಮ ಕೊಡತಿದ್ದಿ. ಮಾಘ ಮುಗದ್ರೂ ವ್ರತ ಮುಗೀಲಿಲ್ಲ. ಯಾಕಂತ ಯಾರೂ ಕೇಳಲಿಲ್ಲ.

ಇವತ್ತ ನಸುಕಿನ್ಯಾಗ ತಣ್ಣೀರು ಹಾಕ್ಕೊಂಡು ನಾ ಚಾದರ ಹಿಂಡತಿದ್ದೆ. ಮಗಳು ರುಚಿತಾ ಎದ್ದು ಬಂದು, “ಇಷ್ಟು ಲವಕರ್ ಸ್ನಾನ? ಯಾವ ವ್ರತ, ಆಯಿ?” ಅಂದ್ಲು. ವ್ರತ ಅಲ್ಲವಾ, ನಂದು ಮುಟ್ಟು ನಿಲ್ಲಲಿಕ್ಕೆ ಹತ್ಯದ, ರಾತ್ರಿ ಮೈ ಬೆವರತದ ಅಂತ ಹೇಳಿದೆ.

ಆಕಿ ಚಾದರದ ಇನ್ನೊಂದು ತುದಿ ಹಿಡಕೊಂಡು ಹಿಂಡಿದ್ಲು.