ಯೂದಾನ ಹೆಸರಿನ ಹಾಡು

ಮಾರ್ಚ್ 3, ಭಾನುವಾರ. ಬೆಳಗ್ಗೆ ಏಳು.

ಚಹಾ ಆಯಿತು. ಗೆಳೆಯ ಯೂದಾನಿಗೆ ಹಾಡು ಕಳುಹಿಸಿದ್ದೂ ಆಯಿತು. ಈ ವಾರ ದೋಣಿಯವನ ಹಾಡು — ಎಪ್ಪತ್ನಾಲ್ಕನೆಯ ಇಸವಿಯದು. ಎರಡು ಗಿಟಾರು, ಸೋಡಾ ಬಾಟಲಿಯನ್ನು ಗೀರುವ ತಾಳ. ಆವಾಸಿ ಊರಿನ ಸಭಾಂಗಣದಲ್ಲಿ ಯೂದಾ ಕುಣಿದು ಒಂದು ಬೂಟು ಹಾರಿಸಿಕೊಂಡದ್ದು ಸದರಿ ಹಾಡಿಗೇ. ಫೋನಿನಲ್ಲಿ ಎರಡು ಗೀಟು ಬಿದ್ದಿವೆ. ಇನ್ನೂ ನೀಲಿಯಾಗಿಲ್ಲ.

ನಮ್ಮೊಳಗಿನ ಕರಾರು ಇಂತಿದೆ: ಪ್ರತಿ ಭಾನುವಾರ ನನ್ನಿಂದ ಹಳೆಯದೊಂದು, ಅವನಿಂದ ಹೊಸದೊಂದು. ಜೀವಮಾನವಿಡೀ ಮಟಾಟು, ಅಂದರೆ ಬಾಡಿಗೆ ವ್ಯಾನ್, ಓಡಿಸಿದ ಮನುಷ್ಯ. ನಿವೃತ್ತನಾದರೂ ವ್ಯಾನ್ ನಿಲ್ದಾಣದ ಡ್ರೈವರುಗಳು ಹೊಸ ಹಾಡುಗಳನ್ನು ಮೊದಲು ಅವನಿಗೇ ಒಪ್ಪಿಸುವರು. ಬರೀ ಕಂಪ್ಯೂಟರಿನ ಡಮಡಮ. ಪೂರ್ತಿ ಆಲಿಸಿದೆನೆಂದು ಉತ್ತರಿಸುತ್ತೇನೆ. ಆಲಿಸಿರುವುದಿಲ್ಲ. ಅವನಿಗೂ ವಿದಿತ.

ಮಧ್ಯಾಹ್ನ.

ಅವನ ಹಾಡು ಬರಲಿಲ್ಲ. ಅವನ ಹೆಂಡತಿ ಕೊನ್ಸೊಲಾಟಾಳ ಕರೆ ಬಂತು.

“ಭಾವಾ, ಇವರನ್ನ ಕಿಸುಮು ಆಸ್ಪತ್ರೆಗೆ ಸೇರ್ಸಿದೀವಿ. ಸಕ್ಕರೆ ಕಾಯಿಲೆ ಕಾಲಿಗಿಳಿದಿದೆ. ಬೆರಳು ಕಪ್ಪಾಗಿದೆ. ಮೊಣಕಾಲಿನ ಕೆಳಗೆ ತೆಗೀಬೇಕಂತೆ.”

“ತೆಗೆಯಲಿ. ಪ್ರಾಣಕ್ಕಿಂತ —”

“ಇವರು ಒಪ್ಪಬೇಕಲ್ಲ ಭಾವಾ!”

ಮಾರ್ಚ್ 5, ಮಂಗಳವಾರ.

ಕಿಸುಮುವಿಗೆ ಹೋಗಿ ಬಂದೆ. ಕಿಟಕಿಯ ಪಕ್ಕದ ಹಾಸಿಗೆ. ಎಡಗಾಲಿಗೆ ಬಟ್ಟೆ ಸುತ್ತಿದ್ದಾರೆ. ವಾಸನೆ ಬಟ್ಟೆಯನ್ನು ದಾಟಿ ಬರುತ್ತಿದೆ.

“ಬಂದ್ಯಾ, ಅರ್ಜಿ ಹೆಜ್ರಾನ್? ಯಾರ ಮೇಲೆ ದೂರು ಬರ್ಯೋಕೆ?”

“ನಿನ್ನ ಮೇಲೆ. ಡಾಕ್ಟರ ಮಾತು ಏಕೆ ಕೇಳುತ್ತಿಲ್ಲ?”

“ಕೇಳ್ದೆ. ನಂಜು ಮೇಲೇರ್ತಿದೆಯಂತೆ. ತಡಮಾಡಿದ್ರೆ ಆಮೇಲೆ ಕತ್ತರಿಸಿಯೂ ಉಪಯೋಗ ಇಲ್ವಂತೆ.”

“ಮತ್ತೆ?”

“ಒಮೆರಾ, ನೀನೇ ಹೇಳು. ಕುಂಟನ್ನ ಯಾವ ಹಾಡಲ್ಲಿ ಹೊಗಳಿದಾರೆ? ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸ್ತಾರೆ, ಕೋಳಿ ಕಾಯೋಕೆ. ಬಂದ ಹಾಗೇ ಎರಡು ಕಾಲಲ್ಲೇ ಹೋಗ್ತೀನಿ.”

ಪಕ್ಕದ ಹಾಸಿಗೆಯ ಮೀನುಗಾರ ನಕ್ಕ. ಯೂದಾ ನಗಲಿಲ್ಲ. ಐವತ್ತು ವರ್ಷ ನನ್ನನ್ನು ಒಮೆರಾ, ಎಂದರೆ ತಮ್ಮಾ, ಎಂದು ಕರೆದವನು ಗೋಡೆಯತ್ತ ಹೊರಳಿದ.

ಮಾರ್ಚ್ 7, ಗುರುವಾರ.

ನಿನ್ನೆ ನಾಲ್ಕು ಪುಟದ ಬಿನ್ನಹವೊಂದನ್ನು ಬರೆದು ಕಳುಹಿಸಿದ್ದೆ. ಕಾಲು ತೆಗೆಸಿಕೊಳ್ಳಬೇಕಾದ ಕಾರಣಗಳು, ಕ್ರಮಾಂಕ ಸಹಿತ. ಜಿಲ್ಲಾ ಕಚೇರಿಯ ಮುಂದಿನ ಮರದಡಿಯಲ್ಲಿ ನನ್ನ ಟೈಪ್‌ರೈಟರಿನಿಂದ ಹೊರಟ ಅರ್ಜಿಗಳು ಜಮೀನು ಬಿಡಿಸಿವೆ, ಜಾಮೀನು ಕೊಡಿಸಿವೆ. ಇದು...

ಕೊನ್ಸೊಲಾಟಾ ಫೋನಿನಲ್ಲಿ: “ಓದಿದ್ರು. ‘ಕಾಗುಣಿತ ಚೆನ್ನಾಗಿದೆ’ ಅಂದ್ರು. ಮಡಚಿ ಗಂಜಿ ಬಟ್ಟಲ ಅಡಿಗೆ ಇಟ್ರು. ಭಾವಾ, ಅವರಿಗೆ ಅರ್ಜಿ ನಾಟೋದಿಲ್ಲ. ಹಾಡು ನಾಟತ್ತೆ.”

ಹಾಡು. ಆಲೋಚಿಸತಕ್ಕ ಮಾತು.

ನಮ್ಮಲ್ಲಿ ಹಾಡಿನ ನಡುವೆ ಗಿಟಾರು ನಿಲ್ಲಿಸಿ ಬಿರುದು ಕೂಗುವ ಪದ್ಧತಿ. ಇಂಥವನ ಮಗ, ಇಂಥ ಊರ ಗೂಳಿ, ಇಂಥವಳ ಗಂಡ. ಹಾಡಿನೊಳಗೆ ಹೆಸರು ಬಿದ್ದವನು ಊರಿಗೆಲ್ಲ ಎತ್ತರ. ಯೂದಾ ಜೀವಮಾನವಿಡೀ ಇತರರ ಹೆಸರಿಗೆ ಕುಣಿದ. ಅವನ ಹೆಸರು ಯಾವ ಹಾಡಿನಲ್ಲಿಯೂ ಇಲ್ಲ. ಇರತಕ್ಕದ್ದು.

ಮಾರ್ಚ್ 9, ಶನಿವಾರ.

ಅಹೆರೊ ಪೇಟೆಯ ಹಿಂದಿನ ಸ್ಟುಡಿಯೊ. ಗಾಯಕಿ ಲವೆಂಟಾ. ಇವಳ ಹಾಡುಗಳನ್ನು ಯೂದಾನೇ ಮೆಚ್ಚಿ ನನಗೆ ಎರಡು ಬಾರಿ ಕಳುಹಿಸಿದ್ದ. ಸಾಹಿತ್ಯ ನನ್ನದೇ, ಟೈಪ್ ಮಾಡಿ ಒಯ್ದಿದ್ದೆ. ಹಾಳೆ ಓದಿ ಹುಬ್ಬು ಗಂಟಿಕ್ಕಿದಳು.

“ಅಜ್ಜಾ, ಇವರು ಬದುಕಿದಾರೆ ತಾನೆ?”

“ಇದೆಂಥ ಪ್ರಶ್ನೆ?”

“ಇಲ್ಲಿ ನೋಡಿ. ‘ದಿವಂಗತ ಒಂಡಿಗೊ ಅವರ ಪುತ್ರ, ಕೊನ್ಸೊಲಾಟಾಳ ಪತಿ, ಮರೀಸಿಯಾ ಮತ್ತು ಒಕುಮು ಇವರ ತಂದೆ, ಕಾಜುಲು ಮನೆತನದ ಅಳಿಯ...’ ಹೀಗೆ ಸಾಲಾಗಿ ಎಲ್ಲರನ್ನೂ ಹೇಳೋದು ಸತ್ತೋರಿಗೆ ಮಾತ್ರ. ರೇಡಿಯೊದಲ್ಲಿ ಸಾವಿನ ಸುದ್ದಿ ಓದ್ತಾರಲ್ಲ, ಥೇಟು ಅದೇ. ಬಿರುದು ಅಂದ್ರೆ ಒಂದು ಜೋಕು, ಒಂದು ಬಡಾಯಿ ಇರ್ಬೇಕು. ನಾನು ಸ್ವಲ್ಪ ತಿದ್ದಲಾ?”

“ತಿದ್ದತಕ್ಕದ್ದಲ್ಲ. ಗಣ್ಯನನ್ನು ಗಣ್ಯರ ಭಾಷೆಯಲ್ಲೇ ಹೊಗಳಬೇಕು.”

“ಹಿರಿಯರು, ನೀವು ಹೇಳಿದ ಹಾಗೆ. ಆದ್ರೆ ಈ ಪದಗಳು ಜೋರು ತಾಳಕ್ಕೆ ಕೂರಲ್ಲ ಅಜ್ಜಾ. ನಿಧಾನಕ್ಕೆ ಹಾಡ್ಬೇಕಾಗತ್ತೆ.”

“ನಿಧಾನವೇ ಗಾಂಭೀರ್ಯ,” ಎಂದೆ.

ಅವಳು ಹಾಡಿದಳು. ನನಗೆ ಕಣ್ಣು ತುಂಬಿ ಬಂತು. ಅದೇ ಸಾಕ್ಷಿಯೆಂದುಕೊಂಡೆ.

ಮಾರ್ಚ್ 10, ಭಾನುವಾರ. ಬೆಳಗ್ಗೆ ಏಳು.

ಇಂದು ಹಳೆಯದಲ್ಲ. ನನ್ನಿಂದ ಮೊದಲ ಸಲ ಹೊಸ ಹಾಡು! ಯೂದಾನಿಗೂ ನಮ್ಮ ಶಾಲೆಯ ಹಳೆಯ ಗೆಳೆಯರ ವಾಟ್ಸಾಪ್ ಬಳಗಕ್ಕೂ ಏಕಕಾಲದಲ್ಲಿ ರವಾನೆ. ಊರೆಲ್ಲ ಕೇಳಲಿ.

ಹತ್ತು ಗಂಟೆ.

ಬಳಗದಲ್ಲಿ ಮೊದಲ ಉತ್ತರ: ‘ಅಯ್ಯೋ. ಯಾವಾಗ?’ ಏನು ಯಾವಾಗ?

ಹನ್ನೊಂದು.

‘ದೇವರು ಕೊನ್ಸೊಲಾಟಾಳಿಗೆ ಶಕ್ತಿ ಕೊಡಲಿ.’ ‘ದೊಡ್ಡ ಮರ ಬಿತ್ತು.’ ಮೊಂಬಾಸದಿಂದ, ನಕೂರುವಿನಿಂದ. ಹಾಡನ್ನು ಬೇರೆ ಬಳಗಗಳಿಗೂ ದಾಟಿಸಿದ್ದಾರೆ. ‘ಯೂದಾ ಜೀವಂತನಿದ್ದಾನೆಂದು ಈ ಮೂಲಕ ಎಲ್ಲರಿಗೂ ತಿಳಿಯಪಡಿಸಲಾಗಿದೆ’ ಎಂದು ಬರೆದೆ. ಯಾರೂ ಓದುವುದಿಲ್ಲ. ಹಾಡಿನ ಕಾಲಿಗೆ ಅಕ್ಷರದ ಕಾಲು ಸಾಟಿಯಲ್ಲ.

ನನ್ನ ಹಾಳೆಯನ್ನು ಮತ್ತೆ ಓದಿಕೊಂಡೆ. ಆ ಹೆಂಗಸು ಹೇಳಿದ್ದು ಸರಿ. ಅರ್ಜಿಗಳ ಜೊತೆಗೆ ಈ ಸೀಮೆಯ ಸಾವಿನ ಪ್ರಕಟಣೆಗಳನ್ನೆಲ್ಲ ಬರೆದ ಕೈ ಇದು. ತಾನಾಗಿ ಅದೇ ದಾರಿ ಹಿಡಿದಿದೆ.

ಮಾರ್ಚ್ 11, ಸೋಮವಾರ.

ಯೂದಾನ ಅಂಗಳದಲ್ಲಿ ಜನ. ಅವನ ಸೋದರತ್ತೆ ಗೇಟಿನಿಂದಲೇ ಗೋಳಿಟ್ಟು ಓಡಿಬಂದಳು. ಅಳಿಯನಂತೂ ಸಾವಿನ ಮನೆಗೆ ಅಳಿಯಂದಿರು ತರಬೇಕಾದ ಗೂಳಿಯನ್ನೇ ಹೊಡೆದುಕೊಂಡು ಬಂದಿದ್ದಾನೆ. ಗೇಟಿನ ಬಳಿ ನಿಂತು ಒಬ್ಬೊಬ್ಬರಿಗೂ ತಿಳಿಹೇಳಿದೆ.

“ಬದುಕಿದಾನಾ? ಮತ್ತೆ ಈ ಹಾಡು ಬರೆಸಿದ್ಯಾರು?” ಸೋದರತ್ತೆ ಕೇಳಿದಳು.

“ನಾನು.”

“ನೀನಾ! ಓದಿದವನು ನೀನು!” ಮುಖಕ್ಕೆ ಉಗಿಯಲಿಲ್ಲ, ನೆಲಕ್ಕೆ ಉಗಿದಳು. “ಬದುಕಿರೋನಿಗೆ ಇಟ್ಟ ಗೋಳು ಬರಿಗೈಲಿ ವಾಪಸ್ ಹೋಗಲ್ಲ ಕಣೋ. ಗೊತ್ತಿಲ್ವಾ ನಿಂಗೆ?”

ಗೊತ್ತು. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ.

ಯೂದಾ ಹಾಡು ಕೇಳಿದ್ದಾನೆ. ಎರಡು ಗೀಟೂ ನೀಲಿ.

ಮಾರ್ಚ್ 15, ಶುಕ್ರವಾರ.

ಮೂರು ದಿನ ಏನೂ ಬರೆದಿಲ್ಲ. ಪೆನ್ನು ಹಿಡಿಯಲು ಹೇಸಿಗೆ.

ಕೊನ್ಸೊಲಾಟಾ: “ಊಟ ಬಿಟ್ಟಿದಾರೆ ಭಾವಾ. ‘ಹೆಜ್ರಾನ್ ಬರೆದ್ಮೇಲೆ ಆಯ್ತು, ಅವನ ಅರ್ಜಿ ಯಾವತ್ತು ತಿರಸ್ಕಾರ ಆಗಿದೆ’ ಅಂತಾರೆ. ಸೋಮವಾರ ದಾಟಿದ್ರೆ ನಾವೇನೂ ಮಾಡೋಕಾಗಲ್ಲ ಅಂದ್ರು ಡಾಕ್ಟರು.” ಅತ್ತಳು. ಆಮೇಲೆ ಹೇಳಿದಳು: “ನಿಮ್ಮನ್ನ ಬರ್ಹೇಳಿದಾರೆ. ಕಾಗದ ತರಬಾರದಂತೆ.”

ಮಾರ್ಚ್ 16, ಶನಿವಾರ. ಸಂಜೆ.

ಜೇಬು ಖಾಲಿ ಮಾಡಿಕೊಂಡು ಹೋದೆ. ಯೂದಾನ ಮುಖ ಇಳಿದುಹೋಗಿದೆ. ಕಣ್ಣು ಮಾತ್ರ ಅವನದೇ.

“ನನ್ನ ಸತ್ತ ಹಾಡು ಕೇಳ್ದೆ. ಚೆನ್ನಾಗಿದೆ. ಈಗ ಬದುಕಿರೋನ ಬಿರುದು ಕೂಗು. ಇಲ್ಲೇ. ಜೋರಾಗಿ.”

“ಇಲ್ಲಿ ರೋಗಿಗಳು —”

“ಅವರೂ ಕೇಳ್ಲಿ.”

ಎದ್ದು ನಿಂತೆ. “ಈ ಮೂಲಕ —” ಎಂದೆ.

“ಥೂ! ಮತ್ತೆ ಶುರುವಾಯ್ತು.”

ಮೀನುಗಾರ ಕಿಸಕ್ಕೆಂದ. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಜೀವನದಲ್ಲಿ ಒಂದು ಮಾತನ್ನೂ ಮೊದಲು ಬರೆಯದೆ ನಾಲ್ಕು ಜನರ ಮುಂದೆ ಆಡಿದವನಲ್ಲ. ಆಗ ಆ ಹಾರಿದ ಬೂಟು ನೆನಪಾಯಿತು.

“ನಿಲ್ಸಿ ಗಿಟಾರು!” ಕೂಗಿದೆ. ನನ್ನದೇ ದನಿಯೆಂದು ನಂಬಲಾಗಲಿಲ್ಲ. “ಇಲ್ಲಿ ಬಿದ್ಕೊಂಡಿರೋನು ಯಾರು ಗೊತ್ತಾ? ಆವಾಸಿಯಲ್ಲಿ ಕುಣೀತಾ ಕುಣೀತಾ ಬೂಟು ಹರ್ದು ಗೋಡೆಗೆ ಹಾರಿತ್ತು. ನಿಲ್ಸಿದ್ನಾ? ನಿಲ್ಲಿಸ್ಲಿಲ್ಲ! ಒಂದೇ ಬೂಟಲ್ಲಿ ಬೆಳಕು ಹರಿಯೋವರೆಗೂ ಕುಣಿದ! ಒಂಟಿ ಬೂಟಿನ ಯೂದಾ! ಎರಡು ಕಾಲಿರೋ ಗಂಡಸರೆಲ್ಲ ಗೋಡೆಗೊರಗಿ ನೋಡ್ತಿದ್ರು, ನಾನೂ ನೋಡ್ತಿದ್ದೆ! ಕೊನ್ಸೊಲಾಟಾ ಅವತ್ತು ನೋಡಿದ್ದು ಆ ಬೂಟನ್ನಲ್ಲ, ಈ ಕತ್ತೇನ!”

ಮೀನುಗಾರ ಮಂಚದ ಕಂಬಿಗೆ ಚಮಚದಿಂದ ತಾಳ ಹಾಕಿದ. ನರ್ಸ್ ಓಡಿಬಂದು ಗದರಿದಳು: “ಅಜ್ಜಾ, ಇದೇನು ಆಸ್ಪತ್ರೆನಾ ಬಾರಾ?”

ಯೂದಾ ಕಣ್ಣು ಮುಚ್ಚಿದ್ದ. ಬಹಳ ಹೊತ್ತು ಕಾದೆ. ಕೊನೆಯ ವ್ಯಾನ್ ಹಿಡಿದು ಬಂದೆ. ನನ್ನ ಬಾಯಿಂದಲೂ ಆಗಲಿಲ್ಲವೆಂದು ಕಾಣುತ್ತದೆ.

ಮಾರ್ಚ್ 17, ಭಾನುವಾರ. ಬೆಳಗ್ಗೆ ಏಳು.

ಚಹಾ ಮುಟ್ಟಿಲ್ಲ. ಯಾವ ಹಳೆಯ ಹಾಡನ್ನು ಕಳುಹಿಸುವುದು? ಎಲ್ಲದರಲ್ಲಿಯೂ ಅವನು ಕುಣಿಯುತ್ತಿದ್ದಾನೆ. ಏನೂ ಕಳುಹಿಸಲಿಲ್ಲ.

ಏಳೂವರೆ.

ಅವನಿಂದ ಹಾಡು ಬಂತು. ಹೊಸದು. ಲವೆಂಟಾಳದೇ ದನಿ, ಅದೇ ಕಂಪ್ಯೂಟರಿನ ಡಮಡಮ. ಮೊದಲ ಬಾರಿಗೆ ಪೂರ್ತಿ ಆಲಿಸಿದೆ. ನಿಜವಾಗಿ. ಅಡಿಯಲ್ಲೊಂದು ಸಣ್ಣ ಗಿಟಾರು ಓಡುತ್ತದೆ, ನಮ್ಮ ಕಾಲದ್ದೇ. ಇಷ್ಟು ವರ್ಷ ಅವನ ಹಾಡುಗಳಲ್ಲಿ ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ನಡುವೆ ತಾಳ ನಿಂತಿತು. ನಿಂತಲ್ಲಿ ಯೂದಾನ ದನಿ, ರಾತ್ರೋರಾತ್ರಿ ಮೊಬೈಲಿನಲ್ಲಿ ಹಾಸಿಗೆಯಿಂದಲೇ ಹೇಳಿ ಅವಳಿಗೆ ಕಳುಹಿಸಿ ಸೇರಿಸಿದ್ದು. ಹಿಂದೆ ಚಮಚದ ಸದ್ದು.

“ನಿಲ್ಸಿ! ನಾನು ಒಂಟಿ ಬೂಟಿನ ಯೂದಾ! ಎಡದ ಬೂಟು ಅರ್ಜಿ ಹೆಜ್ರಾನನಿಗೆ ಕೊಟ್ಟಿದೀನಿ. ಇನ್ಮೇಲೆ ಅವನು ಕುಣೀಲಿ!”

ಅನಂತರ ಕೊನ್ಸೊಲಾಟಾಳ ಒಂದು ಸಾಲು: ‘ಬೆಳಗ್ಗೆ ಆರಕ್ಕೆ ಸಹಿ ಹಾಕಿದ್ರು. ಕಾಲು ತೆಗೆಯೋಕೆ ಈಗ ತಾನೆ ಒಳಗೆ ಕರೆದುಕೊಂಡು ಹೋಗಿದಾರೆ.’

ಒಂಬತ್ತು.

ಸುದ್ದಿಯಿಲ್ಲ. ನಂಜು ತೊಡೆಗೇರಿರಬಹುದೆಂದು ನಿನ್ನೆ ನರ್ಸ್ ಹೇಳಿದ್ದಳು. ಸೋದರತ್ತೆಯ ಮಾತು ಕಿವಿ ಬಿಡುತ್ತಿಲ್ಲ.

ಹನ್ನೊಂದು.

ಸುದ್ದಿಯಿಲ್ಲ. ಹಾಡನ್ನು ಮತ್ತೆ ಹಾಕಿದೆ. ಬಾಗಿಲು ಮುಚ್ಚಿ, ಮೇಜು ಸರಿಸಿ, ಎಡಗಾಲಿನ ಬೂಟು ಕಳಚಿದೆ.

ಹನ್ನೆರಡು.

ಉತ್ತರ ಬರೆಯಲು ಕುಳಿತೆ. ಯೂದಾ ಎಚ್ಚರವಾದಾಗ ಮೊದಲು ಫೋನ್ ಕೇಳುತ್ತಾನೆ. ‘ಮಾನ್ಯರೇ’ ಎಂದು ಬರೆದೆ. ಹೊಡೆದುಹಾಕಿದೆ. ಬರೆಯುವ ಕೆಲಸವಲ್ಲ. ಫೋನಿನ ಮೈಕ್ ಒತ್ತಿ, ಬಾಯಲ್ಲೇ —