ಚೀಸ್ ಮಾರುವವಳು ಚಂದ್ರನ ಮಾತಾಡಬಾರದಂತೆ

ಸಂದರ್ಶಕರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಪ್ರಯೋಗಾಲಯದ ಗೇಟಿನೆದುರು ಹನ್ನೊಂದು ವರ್ಷದಿಂದ ಮೇಜು ಹಾಕಿಕೊಂಡು ಚೀಸ್ ಮಾರುವ ಮುದುಕಿ ನಾನು. "ಕಣವೇಗವರ್ಧಕದ ಕುರಿತು ಸಾರ್ವಜನಿಕರ ಪ್ರಶ್ನೆಗಳಿಗೆ ಅನರ್ಹ ವ್ಯಕ್ತಿಗಳು ಉತ್ತರಿಸತಕ್ಕದ್ದಲ್ಲ, ತಪ್ಪಿದಲ್ಲಿ ತಿಂಗಳ ಕೊನೆಗೆ ಮೇಜಿನ ಅನುಮತಿ ರದ್ದು" ಎಂಬ ನಿಮ್ಮ ನೋಟೀಸು ತಲುಪಿತು. ಮೊದಲು ಕನ್ನಡಕವಿಲ್ಲದೆ ಓದಿದೆ, ಆಮೇಲೆ ಹಾಕಿಕೊಂಡು ಓದಿದೆ. ಎರಡು ಸಲವೂ ಅಷ್ಟೇ ಅಸಂಬದ್ಧವಾಗಿತ್ತು. ಊರಿನ ವಾರಪತ್ರಿಕೆಯಲ್ಲಿ ಬರೆಯಬಾರದು ಎಂದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜನ ನನ್ನನ್ನೇ ಯಾಕೆ ಕೇಳುತ್ತಾರೆ, ಯೋಚಿಸಿದ್ದೀರಾ? ಬಸ್ಸು ಅವರನ್ನು ಒಂಬತ್ತಕ್ಕೆ ಇಳಿಸುತ್ತದೆ, ನೀವು ಗೇಟು ತೆಗೆಯುವುದು ಹತ್ತಕ್ಕೆ. ಆ ಒಂದು ಗಂಟೆ ಬೆಟ್ಟದ ಗಾಳಿಗೆ ಹಲ್ಲು ಕಟಕಟ ಎನ್ನುತ್ತಾ ನಿಂತವರು ನನ್ನ ಚೀಸಿನ ಚೂರು ಬಾಯಿಗಿಟ್ಟುಕೊಳ್ಳುತ್ತಾರೆ. ಬಾಯಿ ತೆರೆದ ಮೇಲೆ ಪ್ರಶ್ನೆಯೂ ಬರುತ್ತದೆ. ಲಿಯೋಂ ನಗರದ ಕಡೆಯ ಮೀಸೆಯವನೊಬ್ಬ ಕೇಳಿದ, "ಅಜ್ಜೀ, ಈ ಯಂತ್ರ ಕಪ್ಪು ಕುಳಿ ಹುಟ್ಟಿಸಿ ಭೂಮೀನೇ ನುಂಗುತ್ತಂತೆ, ಹೌದಾ?"

"ನುಂಗೋದಾಗಿದ್ರೆ ಮೊದಲು ನನ್ನ ಸೊಸೇನ ನುಂಗಬೇಕಿತ್ತಪ್ಪಾ. ಯಂತ್ರ ಇರೋದು ನೆಲದಡಿ ಸುರಂಗದಲ್ಲಿ, ಅವಳ ಅಡುಗೆಮನೆ ಸರಿಯಾಗಿ ಅದರ ನೆತ್ತಿ ಮೇಲಿದೆ. ಹದಿನೈದು ವರ್ಷದಿಂದ ಕಾಯ್ತಾ ಇದೀನಿ!"

ಅವನು ನಕ್ಕು ಮುಗಿಸಿದ ಮೇಲೆ ನಿಜವನ್ನೂ ಹೇಳಿದೆ: ಇದಕ್ಕಿಂತ ಜೋರಾಗಿ ಕಣಗಳು ಆಕಾಶದಿಂದ ದಿನಾ ಭೂಮಿಗೆ ಬಡಿಯುತ್ತಲೇ ಇವೆ, ಭೂಮಿ ಇನ್ನೂ ನೆಟ್ಟಗೇ ಇದೆಯಲ್ಲ ಎಂದು. ಹೊಸದಾಗಿ ಮದುವೆಯಾದ ಹುಡುಗನೊಬ್ಬ ಹೆಂಡತಿಯ ಮುಂದೆ ಧೈರ್ಯ ತೋರಿಸಲು, "ಯಂತ್ರದೊಳಗೆ ಓಡೋ ಆ ಕಣಗಳ ಕಿರಣಕ್ಕೆ ಬೆರಳಿಟ್ರೆ ಏನಾಗುತ್ತೆ?" ಅಂದ. "ಕುದಿಯೋ ಹಾಲಿನ ಹಂಡೆಗೆ ಇಟ್ಟು ನೋಡು, ಟಿಕೆಟ್ ಬೇಕಿಲ್ಲ" ಅಂದೆ. ಯಂತ್ರದಿಂದಾಗಿ ನಿಮ್ಮ ಹಸುಗಳ ಹಾಲು ಕತ್ತಲಲ್ಲಿ ಹೊಳೆಯುತ್ತಾ ಎಂದವರಿಗೆ, ಹೊಳೆದಿದ್ದರೆ ಕೊಟ್ಟಿಗೆಗೆ ದೀಪ ಯಾಕೆ ಹಾಕಿಸುತ್ತಿದ್ದೆ ಎಂದಿದ್ದೇನೆ. ಯಂತ್ರ ಯಾಕೆ ದುಂಡಗಿದೆ ಎಂದವರಿಗೆ, ಜಾತ್ರೆಯ ತಿರುಗುವ ಕುದುರೆಯ ಮೇಲೆ ಕೂತ ಮಗು ಎದುರಿಗೆ ಬಂದಾಗಲೆಲ್ಲ ಬೆನ್ನಿಗೊಂದು ತಳ್ಳು ಕೊಡುತ್ತೀರಲ್ಲ, ಹಾಗೆ, ಪ್ರತಿ ಸುತ್ತಿಗೂ ಒಂದು ತಳ್ಳು ಎಂದಿದ್ದೇನೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಿದ್ದೇನೆ. ನಿಮ್ಮ ಕಚೇರಿಯಿಂದ ಈ ಒಂದು ಪದ ಹೊರಬಿದ್ದದ್ದನ್ನು ಯಾರಾದರೂ ಕೇಳಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಲಿ.

ಈಗ ನಿಮ್ಮ ನೋಟೀಸಿನ ಜೊತೆಗಿದ್ದ ಹಾಳೆಯ ಮಾತು. ನಿಮ್ಮ ಹೊಸ ಗೈಡು ಮರೆಯಲ್ಲಿ ನಿಂತು ಬರೆದುಕೊಂಡ ನನ್ನ ತಪ್ಪುಗಳ ಪಟ್ಟಿ. ಮೊದಲೆರಡನ್ನು ಬಿಡಿ, ಸೊಸೆಯ ವಿಷಯ ವಿಜ್ಞಾನವಲ್ಲ ಎಂದು ಒಪ್ಪುತ್ತೇನೆ. ಮೂರನೆಯದಕ್ಕೆ ಕೆಂಪು ಗೆರೆ ಎಳೆದು "ಗ್ರಾಮೀಣ ಮೂಢನಂಬಿಕೆ" ಎಂದು ನೀವೇ ಬರೆದು ಸಹಿ ಹಾಕಿದ್ದೀರಿ. ನಡೆದದ್ದಿಷ್ಟು. ಬ್ರಿಟನಿ ಕರಾವಳಿಯ ಮೀನುಗಾರನ ಹೆಂಡತಿಯೊಬ್ಬಳು ಕೇಳಿದಳು, "ನಮ್ಮ ಕಡೆ ಚಂದ್ರ ಸಮುದ್ರಾನೇ ಎತ್ತಿ ಇಳಿಸ್ತಾನಲ್ಲಾ ಅಕ್ಕಾ, ನಿಮ್ಮ ಯಂತ್ರಕ್ಕೇನೂ ಮಾಡಲ್ವಾ?" ಮಾಡುತ್ತಾನೆ ಎಂದೆ. ಚಂದ್ರ ನೆಲವನ್ನೂ ಎಳೆಯುತ್ತಾನೆ. ಯಂತ್ರದ ಇಪ್ಪತ್ತೇಳು ಕಿಲೋಮೀಟರಿನ ಉಂಗುರ ಒಂದು ಮಿಲಿಮೀಟರಿನಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗೆ ಹೆಚ್ಚು.

ನನ್ನ ಗಂಡ ರೆಮೀ ಆ ಸುರಂಗ ತೋಡಿದವರಲ್ಲಿ ಒಬ್ಬ. ಬಂಡೆಯಿಂದ ನೀರು ನುಗ್ಗಿದ ದಿನ ಸೊಂಟದವರೆಗೆ ನೆನೆದು ಮನೆಗೆ ಬಂದಿದ್ದ. ಆದರೆ ಚಂದ್ರನ ವಿಷಯ ಅವನು ಹೇಳಿದ್ದಲ್ಲ. ಹೇಳಿದ್ದು ನಿಮ್ಮದೇ ಕಂಟ್ರೋಲ್ ರೂಮಿನ ಯೂರ್ಗ್, ಶುಕ್ರವಾರ ತಪ್ಪದೆ ಅರ್ಧ ಕಿಲೋ ಒಯ್ಯುವವನು. ನಿಮ್ಮ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಓದಿದವನೇ ಮೇಜು ಹಿಡಿದುಕೊಂಡ.

"ಅಜ್ಜೀ, ಇದನ್ನ ಬರೆದದ್ದು ಯಾರು?"

"ನಿಮ್ಮೋರೇ ಮಗಾ. ಸಹಿ ನೋಡು."

"ನಾವು ಈ ಚಂದ್ರನ ಕಾಟಕ್ಕೆ ಯಂತ್ರ ಸರಿಮಾಡ್ತಾ ಕೂತಿರ್ತೀವಿ! ಇದು ಮೂಢನಂಬಿಕೆ ಆದ್ರೆ ನನ್ನ ಕೆಲಸಾನೂ ಹೋಯ್ತು. ಆ ಪಕ್ಕದಲ್ಲಿ ನನಗೂ ಒಂದು ಮೇಜು ಹಾಕೋಕೆ ಜಾಗ ಇದೆಯಾ?"

"ನೀನು ಏನು ಮಾರ್ತೀಯೋ?"

"ಮೂಢನಂಬಿಕೆ!"

ಮಾನ್ಯರೇ, ಅವನು ನಕ್ಕ, ನಾನೂ ನಕ್ಕೆ. ಮನೆಗೆ ಹೋಗಿ ಕೊಟ್ಟಿಗೆಯಲ್ಲಿ ನಿಂತಾಗ ನಗು ಬರಲಿಲ್ಲ. ನನಗಿರುವುದು ಆರು ಹಸು. ಚೀಸ್ ಹೋಗುವುದು ಆ ಮೇಜಿನಿಂದಲೇ. ಮೇಜು ಹೋದರೆ ನಾಲ್ಕನ್ನು ಮಾರಬೇಕು. ಯಾವ ನಾಲ್ಕು ಎಂದು ನನ್ನನ್ನು ಕೇಳಬೇಡಿ, ಹನ್ನೊಂದು ವರ್ಷದಲ್ಲಿ ಗೊತ್ತಿಲ್ಲ ಎಂದೂ ಹೇಳಲಾಗದ ಪ್ರಶ್ನೆ ಇದೊಂದೇ. ಯಂತ್ರದ ಮಾತು ಅರಿಯದವರು ಆಡಬಾರದು ಎಂಬುದು ನಿಯಮವಾದರೆ, ಒಳ್ಳೆಯ ನಿಯಮ. ಅದು ಗೇಟಿನ ಹೊರಗೆ ಮಾತ್ರವೋ, ಒಳಗೂ ಇದೆಯೋ? ರಾಜಧಾನಿಯಿಂದ ಬಂದು ಎಂಟು ತಿಂಗಳಾದ ನೀವು, ಒಂದು ಸಲ ಆ ಸುರಂಗಕ್ಕೆ ಇಳಿದವರನ್ನು ಕೇಳಿ ಆಮೇಲೆ ಕೆಂಪು ಗೆರೆ ಎಳೆದಿದ್ದರೆ ನಿಮ್ಮ ಪೆನ್ನು ಸವೆದುಹೋಗುತ್ತಿತ್ತೆ?

ನನ್ನ ಬೇಡಿಕೆ ಚಿಕ್ಕದು. ನೋಟೀಸು ಹಿಂದಕ್ಕೆ ಪಡೆಯಿರಿ. ಚಂದ್ರನ ಬಗ್ಗೆ ಮುದುಕಿ ಹೇಳಿದ್ದು ಸರಿ ಎಂದು ಇದೇ ಪತ್ರಿಕೆಯಲ್ಲಿ ಎರಡು ಸಾಲು ಬರೆಯಿರಿ. ಇಲ್ಲವಾದರೆ ನಾನು ಆಜ್ಞೆ ಪಾಲಿಸುವವಳೇ. ಸೋಮವಾರದಿಂದ ಒಂದು ಮಾತಿಗೂ ಉತ್ತರ ಹೇಳುವುದಿಲ್ಲ. ದಿನಕ್ಕೆ ಮೂರು ಬಸ್ಸು, ಒಂದೊಂದರಲ್ಲಿ ಐವತ್ತು ಜನ. ಅವರಿಗಾಗಿ ಹಲಗೆ ಬರೆದಾಗಿದೆ, ಬಣ್ಣ ಒಣಗುತ್ತಿದೆ: "ಪ್ರಶ್ನೆಗಳಿಗೆ ಎರಡನೇ ಮಹಡಿ, ಎಡಗಡೆಯ ಮೂರನೇ ಬಾಗಿಲು. ಸಾಹೇಬರಿಗೆ ಎಲ್ಲಾ ಗೊತ್ತು. ತಟ್ಟದೆ ಒಳಗೆ ಹೋಗಿ."

ಇಂತಿ,
ಎಪ್ಪತ್ತೆಂಟನೇ ವಯಸ್ಸಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸಕ್ಕೆ ಹೊಸದಾಗಿ ಕೂತಿರುವ,
ಓದಿಲ್ ಬೆರ್ತೆ
(ಐದನೇ ತರಗತಿ, ಅದೂ ಹಸು ಕರು ಹಾಕದ ದಿನಗಳಲ್ಲಿ ಮಾತ್ರ)