ಆ ಬ್ರಿಜ್ ಬೇರೆ

ಮಹಾಲಿಂಗಪುರ
ಜುಲೈ ೨೭, ೨೦೧೬

ಪ್ರೀತಿಯ ತಮ್ಮ ದುಂಡೇಶಾ,

ಹೇಗಿದ್ದೀ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಹೋದ ಸಲ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಕಳಿಸಿದ ಶೇಂಗಾ ಹಿಂಡಿ ನಿನ್ನ ಕೈಗೆ ಸೇರಿತೋ, ಜೈಲಿನ ಗೇಟಿನಲ್ಲೇ ಖಾಲಿಯಾಯಿತೋ? ಇಲ್ಲಿ ಎಮ್ಮೆ ಈದಿದೆ, ಹೆಣ್ಣುಗರು. ಗಿಣ್ಣ ಮಾಡಿ ಅವ್ವ ನಿನ್ನ ಪಾಲನ್ನೂ ತಾಟಿಗೆ ಬಡಿಸಿದಳು, ಆಮೇಲೆ ನೆನಪಾಗಿ ತಾಟನ್ನು ಮುಚ್ಚಿಟ್ಟಳು.

ನಿನ್ನ ವಕೀಲರು ಮನೆಗೆ ಬಂದಿದ್ದರು. ಸೋಮವಾರ ಜಮಖಂಡಿ ಕೋರ್ಟಿನಲ್ಲಿ ನನ್ನ ಸಾಕ್ಷಿ ಇದೆಯಂತೆ. ‘ಗದ್ದಲದಾಗ ಕಲ್ಲ ಯಾರು ಒಗದ್ರೋ ಕಾಣಲಿಲ್ಲ ಅನ್ರಿ ಅಕ್ಕಾರ, ಅಷ್ಟಾದ್ರ ಹುಡುಗ ಹೊರಗ ಬರತಾನು’ ಎಂದರು. ಅವರು ಹೋದ ಮೇಲೆ ಅವ್ವ ನನ್ನ ಕಾಲು ಹಿಡಿದಳು. ‘ಸತ್ತಾಂವ ಬರೂದಿಲ್ಲ ಯವ್ವಾ, ಇದ್ದಾಂವನ್ನರ ಉಳಸ’ ಎಂದಳು. ಹೆತ್ತವಳಿಂದ ಕಾಲು ಹಿಡಿಸಿಕೊಂಡ ಪಾಪವನ್ನು ಎಲ್ಲಿ ತೊಳೆಯಲಿ? ಅವಳ ಕೈ ಬಿಡಿಸಿ ಈ ಕಾಗದ ಬರೆಯಲು ಕುಳಿತೆ.

ಆ ದಿನದ ಬಗ್ಗೆ ನೀನು ಬರೆದದ್ದು ಒಂದೇ ಸಾಲು: ‘ಗುಂಪಿನ್ಯಾಗ ಏನೂ ತಿಳೀಲಿಲ್ಲಕ್ಕಾ.’ ದಿನವೂ ನಾಲ್ಕು ಸಾಲು ಬರೆದಿಡುವ ನನ್ನ ಚಟ ನಿನಗೆ ಗೊತ್ತು. ಆ ದಿನದ ಹಾಳೆ ಮಾತ್ರ ಖಾಲಿ ಇದೆ. ಅಲ್ಲಿ ಬರೆಯಲಾಗದ್ದನ್ನು ನಿನಗೆ ಬರೆಯುತ್ತೇನೆ, ತಡೆದುಕೊಂಡು ಓದು.

ಸಕ್ಕರೆ ಕಾರ್ಖಾನೆಯ ಕಾಟಾ ಕೋಣೆಯಲ್ಲಿ ನಾನು ತೂಕದ ಚೀಟಿ ಹರಿದು ಕೊಡುವವಳು, ನನ್ನ ಕೈ ಹಿಡಿದ ನಿನ್ನ ಮಾವ ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಆ ಹಂಗಾಮಿಗೆ, ಬೇಡದ್ದನ್ನು ತಡೆಯುವ ಫೈರ್‌ವಾಲಿಗೆಂದು ಬೇರೆ ಡಬ್ಬಿ ಕೊಳ್ಳದೆ, ಸರ್ವರಿನ ಹೊಟ್ಟೆಯೊಳಗೇ ಕಂಪ್ಯೂಟರಿನೊಳಗಿನ ಕಂಪ್ಯೂಟರಾಗಿ ಅದನ್ನು ಕೂಡಿಸಿದ್ದರು. ಕಾಟಾದ ತೂಕ ಅದರೊಳಗೆ ಹಾಯ್ದು ಆಫೀಸು ಮುಟ್ಟಬೇಕು. ಆ ಎರಡು ಬದಿಗಳನ್ನು ಕೂಡಿಸುವುದಕ್ಕೆ ಅವರ ಭಾಷೆಯಲ್ಲಿ ಬ್ರಿಜ್ ಎನ್ನುತ್ತಾರೆ. ಹಿಂದಿನ ದಿನದಿಂದ ಅದು ಕೂಡುತ್ತಲೇ ಇರಲಿಲ್ಲ. ತೂಕ ಆಫೀಸು ಮುಟ್ಟದೆ ಚೀಟಿ ಬಾರದು. ಕೈಚೀಟಿಯಲ್ಲಿ ಮೋಸವಾಗುತ್ತದೆ, ಬೇಡವೇ ಬೇಡ ಎಂದು ಹಿಂದಿನ ವರ್ಷ ಕೂಗಾಡಿದವರು ಕಬ್ಬು ತರುವ ನೀವೇ. ಗಾಡಿಗಳ ಸಾಲು ರಸ್ತೆಗೆ ಹೋಗಿ ನಿಂತಿತ್ತು. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಳೆದುಕೊಳ್ಳುತ್ತದೆ. ನಾನೂ ಕಬ್ಬಿನ ಮನೆಯವಳೇ, ನಿಮ್ಮ ಸಿಟ್ಟು ನನಗೆ ತಿಳಿಯದ್ದಲ್ಲ.

ನಿನ್ನ ಮಾವ ಮೊದಲು ತಂತಿ ಬದಲಿಸಿದರು. ಕಾಟಾದ ಕಂಪ್ಯೂಟರಿನಿಂದ ಫೈರ್‌ವಾಲನ್ನು ಕೂಗಿದರೆ ಓಗೊಡುತ್ತಿತ್ತು, ಅದರ ಆಚೆಯ ಆಫೀಸಿನ ಕಂಪ್ಯೂಟರ್ ಓಗೊಡುತ್ತಿರಲಿಲ್ಲ. ‘ನಮ್ಮ ಕೂಗು ಆಕಡೆ ಮುಟ್ಟತೈತಿ ಕಸ್ತೂರಿ, ಅವರು ಓ ಅನ್ನೂದು ನಡುವ ಸಾಯತೈತಿ’ ಎಂದರು. ಕಿಟಕಿಯ ಹೊರಗೆ ನಿಂತಿದ್ದ ಹಣಮಪ್ಪ, ನಮ್ಮ ಪಕ್ಕದ ಹೊಲದವನು, ‘ಡಬ್ಬಿಗೆ ದೆವ್ವ ಹೊಕ್ಕೇತೇನೋ ಬಾಳೂ, ಬೀರಪ್ಪನ ಭಂಡಾರದ ಅರಿಷಿಣ ಹಚ್ಚು’ ಎಂದು ಇವರನ್ನು ಚೇಷ್ಟೆ ಮಾಡಿದ. ‘ಭಂಡಾರಕ್ಕ ಬಗ್ಗತಿದ್ರ ಒಂದು ಚೀಲಾನ ತರತಿದ್ದೆ’ ಎಂದು ಇವರೂ ನಕ್ಕರು. ನೀನೂ ಅಲ್ಲೇ ಇದ್ದೆ. ‘ಮಾವಾ, ಮೊದಲ ನನ್ನ ಟ್ರ್ಯಾಕ್ಟರ್ ಬಿಡು, ಇಲ್ಲಾಂದ್ರ ಅಕ್ಕನ್ನ ತವರಮನಿಗಿ ಕರಕೊಂಡ ಹೊಕ್ಕೀನಿ’ ಎಂದೆ. ಆಗ ನಿನ್ನ ಬಾಯಲ್ಲಿ ಕಬ್ಬಿನ ಸಿಬಿರಿತ್ತು. ಅದೂ ನೆನಪಿದೆ ನನಗೆ.

ಬಿಸಿಲು ಏರಿತು. ಫೈರ್‌ವಾಲ್ ಕೊಟ್ಟ ಪುಣೆಯ ಕಂಪನಿಯವನಿಗೆ ಫೋನು ಹಚ್ಚಿ ನಿನ್ನ ಮಾವ ಕಿಟಕಿಯ ಹತ್ತಿರ ನಿಂತರು. ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲೇ. ಕೇಳುವುದಿಲ್ಲವೆಂದು ಕೂಗಿಯೇ ಹೇಳಿದರು: ‘ಬ್ರಿಜ್ ಕಡದು ಒಗೀತೀನ್ರಿ. ಅಲ್ಲೀತನಕ ಕಾಟಾದ ಕಡಿಂದ ಬರೂದೆಲ್ಲಾ ಡ್ರಾಪ್!’ ಯಾರ್ಡಿನಲ್ಲಿ ಬ್ರಿಜ್ ಎಂದರೆ ಗಾಡಿ ಹತ್ತಿಸಿ ತೂಗುವ ವೇಬ್ರಿಜ್ ಒಂದೇ ಅಲ್ಲವೇ? ಹಣಮಪ್ಪ ಹಿಂದಕ್ಕೆ ತಿರುಗಿ ಚೀರಿದ: ‘ಬ್ರಿಜ್ ಕಡದು ಒಗೀತಾರಂತರೋ! ನಮ್ಮ ಕಬ್ಬೆಲ್ಲಾ ಡ್ರಾಪ್ ಅಂತ!’ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಆ ಮಾತು ಕಾರ್ಖಾನೆಗೇ ಬೀಗ ಹಾಕಿತ್ತು.

ಮೊದಲು ಕಬ್ಬಿನ ಜಲ್ಲೆಗಳು ಬಂದವು, ಅವುಗಳ ಬೆನ್ನಿಗೆ ಕಲ್ಲು. ಗೇಟಿನ ಕಾವಲಿನವನ ಕಿವಿ ಹರಿದು ಜೋತಾಡುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಓಡಿದ. ಸಾಹೇಬರ ಜೀಪನ್ನು ಮಗುಚಿ ಬೆಂಕಿ ಹಚ್ಚಿದರು. ಚಾಲಕನನ್ನು ಎಳೆದು, ಎತ್ತನ್ನು ಬಡಿಯುವಂತೆ ಬಾರಕೋಲಿನಿಂದ ಬಡಿದರು. ಕಾಟಾ ಕೋಣೆಯ ಗಾಜು ಒಡೆದು ನನ್ನ ತೋಳಿನಲ್ಲಿ ನಟ್ಟಿತು, ನಾನು ಮೇಜಿನ ಕೆಳಗೆ ಹೊಕ್ಕೆ. ನಿನ್ನ ಮಾವ ಮಾತ್ರ ಕುರ್ಚಿ ಬಿಡಲಿಲ್ಲ. ಬ್ರಿಜ್ ಕಿತ್ತು ಹೊಸದಾಗಿ ಕಟ್ಟಿದರೂ ಆಗಿರಲಿಲ್ಲ. ‘ಫೈರ್‌ವಾಲ್ದು ತಪ್ಪಿಲ್ಲ ಕಸ್ತೂರಿ, ಅದು ಕುಂತ ಮನೀ ಬಾಗಲದ್ದು ತಪ್ಪು’ ಎಂದರು. ಸರ್ವರಿನ ಒಳಗಿನ ಸ್ವಿಚ್ಚು ಫೈರ್‌ವಾಲಿನ ಹೆಸರಿಗೆ ಬಂದದ್ದನ್ನು ಮಾತ್ರ ಒಳಗೆ ಬಿಟ್ಟು, ಕಾಟಾದ ಹೆಸರಿಗೆ ಬಂದ ಉತ್ತರವನ್ನೆಲ್ಲ ಬಾಗಿಲಲ್ಲೇ ಚೆಲ್ಲುತ್ತಿತ್ತಂತೆ. ಬೇರೆಯವರ ಹೆಸರಿನದನ್ನೂ ಬಿಡು ಎಂದು ಅಲ್ಲೊಂದು ಗುರುತು ಹಾಕಿದರು. ಪರದೆಯ ಮೇಲೆ ತೂಕ ಬಂತು.

ಅವರು ಎದ್ದು ಆ ಒಡೆದ ಕಿಟಕಿಗೆ ಹೋದರು. ನಾನು ಮೇಜಿನ ಕೆಳಗಿಂದ ಎದ್ದು ಬಂದು ಅವರ ಅಂಗಿ ಹಿಡಿದು ಎಳೆದೆ, ಬಿಡಿಸಿಕೊಂಡರು. ‘ಬಂತರೋ! ಆ ಬ್ರಿಜ್ ಬ್ಯಾರೆ, ಇದು ಬ್ಯಾರೆ! ದುಂಡ್ಯಾ, ಮೊದಲ ನಿಂದನ ಹತ್ತಸಲೇ!’ ಎಂದು ಕೂಗಿದರು. ನೀನು ಎದುರಿಗೇ ನಿಂತಿದ್ದೆ. ನಿನ್ನ ಬಗಲಿನವನೊಬ್ಬ ‘ನಿಮ್ಮ ಮಾವ ಕಾರ್ಖಾನಿ ಕೂಳ ತಿನ್ನಾಂವ, ನೀ ಯಾರ ಕಡಿಯವಲೇ, ಬಳಿ ತೊಟ್ಟೀ ಏನ?’ ಎಂದ. ನೀನು ಅವರ ಮುಖ ನೋಡಿದೆ. ಪೂರಾ ನೋಡಿದೆ. ಆಮೇಲೆ ಕಲ್ಲು ಬೀಸಿದೆ.

ಅದು ಕಣತಲೆಗೆ ತಗುಲಿತು. ಅವರು ನನ್ನ ಮೇಲೆಯೇ ಬಿದ್ದರು. ಬಾಗಿಲು ಮುರಿದು ಬಂದವರು ಬಿದ್ದವರನ್ನೇ ಗಾಡಿಯ ಗೂಟದಿಂದ ಹೊಡೆದರು, ಎದೆಯ ಮೇಲೆ ಹತ್ತಿ ತುಳಿದರು. ತೇವದ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವರ ನೆತ್ತರು ನನ್ನ ಬಾಯೊಳಗೆ ಹೋಯಿತು. ಯಾರ ಯಾರ ಕಾಲುಗಳೋ ನನಗೆ ತಿಳಿಯದು, ತಿಳಿಯದವರ ಹೆಸರನ್ನು ನಾನು ಹೇಳುವುದಿಲ್ಲ. ಯಾವ ಏಟಿಗೆ ಜೀವ ಹೋಯಿತು ಎಂದು ಯಾರೂ ಹೇಳಲಾರರು ಎಂದು ನಿನ್ನ ವಕೀಲರು ಅನ್ನುತ್ತಾರೆ. ಇರಬಹುದು. ಆದರೆ ಅವರನ್ನು ನೆಲಕ್ಕೆ ಬೀಳಿಸಿದ ಏಟು ಯಾವುದೆಂದು ನಾನು ಹೇಳಬಲ್ಲೆ.

ಗುಂಪಿನಲ್ಲಿ ತಿಳಿಯಲಿಲ್ಲ ಎಂದು ನನಗೆ ಇನ್ನೊಮ್ಮೆ ಬರೆಯಬೇಡ, ತಮ್ಮಾ. ಉಳಿದವರಿಗೆ ಅವರು ಕಾರ್ಖಾನೆಯವರು. ನಿನ್ನನ್ನು ಹೆಸರು ಹಿಡಿದು ಕರೆದಿದ್ದರು.

ವೇಳೆಗೆ ಸರಿಯಾಗಿ ಉಣ್ಣು. ಯಾರೊಡನೆಯೂ ಜಗಳ ತೆಗೆಯಬೇಡ. ಬೀರಪ್ಪ ನಿನ್ನ ಬೆನ್ನಿಗಿದ್ದು ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಕ್ಕ,
ಕಸ್ತೂರೆವ್ವ

ತಾ.ಕ.: ಕಾಮಣ್ಣ ಕಾಕಾ ಬಸ್ಸಿಗೆ ಹೊರಟು ನಿಂತಿದ್ದಾನೆ, ನಾಳೆ ಅವನೇ ಇದನ್ನು ನಿನ್ನ ಕೈಗೆ ಕೊಡುತ್ತಾನೆ. ಸೋಮವಾರ ಕೋರ್ಟಿಗೆ ಬರುತ್ತೇನೆ, ಅವ್ವನಿಗೆ ಬರಬೇಡ ಎಂದಿದ್ದೇನೆ. ಕಲ್ಲು ಒಗೆದವರು ಇಲ್ಲಿದ್ದಾರೆಯೇ ಎಂದು ಕೇಳಿದರೆ ನಿನ್ನನ್ನು ತೋರಿಸುತ್ತೇನೆ. ಅದಕ್ಕೂ ಮೊದಲು ನೀನೇ ಎದ್ದು ಒಪ್ಪಿಕೋ. ಹುಟ್ಟಿದಾಗಿನಿಂದ ನಿನ್ನ ಮೇಲೆ ಒಮ್ಮೆಯೂ ಕೈ ಎತ್ತಿದವಳಲ್ಲ ನಾನು. ಎತ್ತಿಸಬೇಡ.